ಎರಡು ‘ನಾವು’

ಮೇಜಿನ ಮೇಲಿದ್ದ ಅನುವಾದದ ಪೆಟ್ಟಿಗೆ ಮಾತಾಡಿತು.

“ಬಿಳಿಗುಡ್ಡ ನಮ್ಮದು. ನಮ್ಮ ಹಿರಿಯಾರು ಅಲ್ಲೇ ಮಣ್ಣಾಗ್ಯಾರ. ನಾವು ಸತ್ತರೂ ಅಲ್ಲಿಗೇ ಹೋಗಾವ್ರು.”

ಮೇಜಿನ ಈಚೆ ಕೂತಿದ್ದ ದೊವಾನಿ ಜನರ ನಾಯಕಿ ಇರುಮಾ ತನ್ನ ಭಾಷೆಯಲ್ಲಿ ಆಡಿದ ಮಾತನ್ನು ಅದು ಹೀಗೆ ಮೊದಲು ಕನ್ನಡಕ್ಕೆ ತಂದಿತು. ಆಮೇಲೆ ಆ ಕನ್ನಡವನ್ನು ತೇಮಿ ಭಾಷೆಗೆ ತಿರುಗಿಸಿ, ಆಚೆ ಕೂತಿದ್ದ ತೇಮಿಗಳ ಮುಖಂಡ ಸಾವೆಲ್‌ಗೆ ಹೇಳಿತು. ಎಪ್ಪತ್ತು ದಾಟಿದ ಸಾವೆಲ್ ಕೇಳಿಸಿಕೊಂಡು ತಲೆಯ ಮೇಲಿನ ಹೆಣೆದ ಟೊಪ್ಪಿಗೆಯನ್ನು ತೆಗೆದು ಮೇಜಿನ ಮೇಲಿಟ್ಟ. ಟೊಪ್ಪಿಗೆ ತೆಗೆಯುವುದು ತೇಮಿಗಳಲ್ಲಿ ಎಲ್ಲಕ್ಕಿಂತ ದೊಡ್ಡ ಮರ್ಯಾದೆ. ಆಮೇಲೆ ಅವನೂ ಅದನ್ನೇ ಹೇಳಿದ. “ಹೌದು, ಬಿಳಿಗುಡ್ಡ ನಮ್ಮದು,” ಅಂದಿತು ಪೆಟ್ಟಿಗೆ. ಅದು ದೊವಾನಿ ಭಾಷೆಯಲ್ಲಿ ಕಿವಿಗೆ ಬಿದ್ದದ್ದೇ ಇರುಮಾಳ ಕಣ್ಣುಗಳು ಒದ್ದೆಯಾದವು. ಶಾಂತಿ ಒಪ್ಪಂದದ ಮೊದಲ ಕಲಮು ಹೀಗೆ 2068ರ ಫೆಬ್ರುವರಿಯ ಒಂದು ಬೆಳಿಗ್ಗೆ, ಬಾಗಲಕೋಟೆಯ ನವನಗರದ ಒಂದು ಸಭಾಭವನದಲ್ಲಿ ಗಟ್ಟಿಯಾಯಿತು. ಮರುದಿನ ಸಹಿ.

ಸಾಗರದ ಆ ತುದಿಯ ಕೆರೂನ ದ್ವೀಪ ಎಲ್ಲಿ, ಬಾಗಲಕೋಟೆ ಎಲ್ಲಿ ಅಂತ ಯಾರಾದರೂ ಕೇಳಬೇಕಾದ್ದೇ. ಕೆರೂನದಲ್ಲಿ ತೇಮಿಗಳೂ ದೊವಾನಿಗಳೂ ಅರವತ್ತಮೂರು ವರ್ಷದಿಂದ ಹೊಡೆದಾಡುತ್ತಿದ್ದರು. ಮೂರು ಸಲ ಮಾತುಕತೆ ನಡೆದು ಮೂರು ಸಲವೂ ಅನುವಾದಕರ ಮೇಲಿನ ಗುಮಾನಿಯಿಂದ ಮುರಿದುಬಿದ್ದಿತ್ತು. “ಇವನು ಆ ಕಡೆಯವನು, ನಮ್ಮ ಮಾತು ತಿರುಚಿದ” ಅನ್ನುವುದು ಇಬ್ಬರದೂ ದೂರು. ಒಬ್ಬ ಬಡಪಾಯಿ ಅನುವಾದಕನನ್ನು ಗುಂಡಿಟ್ಟು ಕೊಂದೂ ಆಗಿತ್ತು. ಎದುರಾಳಿಯ ಭಾಷೆ ಬರುತ್ತದೆ ಅಂದರೆ ದ್ರೋಹಿ ಅನ್ನುತ್ತಿದ್ದುದರಿಂದ ಎರಡೂ ಭಾಷೆ ಬಲ್ಲವರು ಬಾಯಿ ಬಿಡುತ್ತಿರಲಿಲ್ಲ. ಇಂಗ್ಲಿಷ್ ಬೇಡ, ದ್ವೀಪಕ್ಕೆ ಅಡ್ಡಗೆರೆ ಎಳೆದುಹೋದವರ ಭಾಷೆ ಅದು. ಅಕ್ಕಪಕ್ಕದ ದೇಶಗಳ ಭಾಷೆಯೂ ಬೇಡ, ಅವರೆಲ್ಲ ಒಬ್ಬರಿಗಲ್ಲ ಒಬ್ಬರಿಗೆ ಬಂದೂಕು ಕೊಟ್ಟವರು. ಕಡೆಗೆ ಇಬ್ಬರೂ ಒಪ್ಪಿದ್ದು ಕನ್ನಡಕ್ಕೆ. ಕನ್ನಡ ತಮಗೆ ಒಳ್ಳೆಯದನ್ನೂ ಮಾಡಿಲ್ಲ, ಕೆಟ್ಟದ್ದನ್ನೂ ಮಾಡಿಲ್ಲ ಅಂತ ಅವರು ಕೊಟ್ಟ ಕಾರಣ. ನಮ್ಮ ಪತ್ರಿಕೆಗಳು ಅದನ್ನೇ ದೊಡ್ಡ ಸನ್ಮಾನ ಅಂತ ತಿಳಿದು ಒಂದು ವಾರ ಉಬ್ಬಿಹೋದವು.

ಪೆಟ್ಟಿಗೆಯ ಹೆಸರು ನಡುನುಡಿ. ಊಟದ ಡಬ್ಬಿಯಷ್ಟು ಗಾತ್ರ. ಬಾಗಲಕೋಟೆ ಜಿಲ್ಲೆಯ ನಾನೂರು ಮಂದಿಯ ಮಾತನ್ನು ಅದಕ್ಕೆ ಊಡಿಸಿದ್ದರು. ಯಾವ ಭಾಷೆಯ ಮಾತು ಬಂದರೂ ಅದು ಅರ್ಥವನ್ನು ಒಡೆದು, ತನ್ನೊಳಗಿನ ಕನ್ನಡ ಪದಗಳ ಗೂಡುಗಳಲ್ಲಿ ಒಂದೊಂದನ್ನೇ ಇಟ್ಟು, ಆ ಗೂಡುಗಳಿಂದಲೇ ಇನ್ನೊಂದು ಭಾಷೆಗೆ ಮಾತು ಕಟ್ಟುತ್ತಿತ್ತು. ಮುಚ್ಚುಮರೆ ಇರಬಾರದೆಂದು ನಡುವಿನ ಕನ್ನಡವನ್ನು ಎಲ್ಲರಿಗೂ ಕೇಳುವಂತೆ ಆಡಿ ತೋರಿಸುತ್ತಿತ್ತು. ಅದರ ದನಿ ಇಳಕಲ್ಲಿನ ಒಬ್ಬ ನಿವೃತ್ತ ಶಿಕ್ಷಕಿಯದು. ಹಾಗಾಗಿ ಮೀಸೆ ಹೊತ್ತ ಸಾವೆಲ್ ಮೇಜು ಕುಟ್ಟಿ ಗುಡುಗಿದರೂ ಸಭೆಗೆ ಕೇಳುತ್ತಿದ್ದದ್ದು ಮಕ್ಕಳನ್ನು ಗದರಿಸುವ ಅಕ್ಕೋರ ದನಿಯೇ.

ಇದನ್ನು ಮಾಡಿದವರು ಇಬ್ಬರು. ಭಾಷಾವಿಜ್ಞಾನಿ ನೀಲಮ್ಮ ಅಂಗಡಿ, ಅರವತ್ತೊಂದು ವರ್ಷ. ಯಂತ್ರದ ಮಿದುಳು ಕಟ್ಟಿದ ಎಂಜಿನಿಯರ್ ದುರಗಪ್ಪ ಮಾದರ, ಅವಳಿಗಿಂತ ಮೂರು ವರ್ಷ ಚಿಕ್ಕವನು. ಇಬ್ಬರದೂ ಮಲಪ್ರಭೆಯ ದಂಡೆಯ ಒಂದೇ ಊರು, ಒಂದೇ ಶಾಲೆ. ಒಂದೇ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ಕಳೆದಿದ್ದರು.

ಬಿಳಿಗುಡ್ಡದ ಮೇಲೆ ಎರಡೂ ಜನರ ಗೋರಿಗಳಿದ್ದವು. ಯುದ್ಧ ಜೋರಾದ ಮೇಲೆ ಗುಡ್ಡದ ಸುತ್ತ ಮುಳ್ಳುತಂತಿ ಬಿದ್ದು ಯಾರೂ ಹತ್ತುವ ಹಾಗಿರಲಿಲ್ಲ. ಸಾವೆಲ್‌ನ ಹೆಂಡತಿ ಅಲ್ಲಿದ್ದಳು. ಹತ್ತೊಂಬತ್ತು ವರ್ಷದಿಂದ ಅವನು ಅವಳ ಗೋರಿಯ ಹತ್ತಿರ ಹೋಗಿರಲಿಲ್ಲ. ಮೊದಲ ಕಲಮಿಗೆ ಸಹಿ ಬಿದ್ದರೆ ಸೋಮವಾರ ತಂತಿ ಕಿತ್ತುಹಾಕುವುದೆಂದು ಗೊತ್ತಾಗಿತ್ತು. ಗೋರಿಗೆ ಹೊದಿಸಲು ಅವನೊಂದು ಇಳಕಲ್ ಸೀರೆ ಕೊಂಡಿದ್ದ, ಬಣ್ಣ ಆರಿಸಿಕೊಟ್ಟವಳು ನೀಲಮ್ಮ. ದ್ವೀಪದಲ್ಲಿ ಹನ್ನೊಂದು ದಿನದಿಂದ ಗುಂಡಿನ ಸದ್ದಿರಲಿಲ್ಲ.

ಅವತ್ತು ಮಧ್ಯಾಹ್ನ ಊಟ ಮುಗಿಸಿ ನೀಲಮ್ಮ ಕೈತೊಳೆದು ಬರುವಷ್ಟರಲ್ಲಿ ದುರಗಪ್ಪ ಒಪ್ಪಂದದ ಕರಡು ಪ್ರತಿ ಹಿಡಿದು ಕೂತಿದ್ದ. ಸಹಿಗೆ ಮೊದಲು ಅದನ್ನು ಎರಡೂ ಭಾಷೆಯಲ್ಲಿ ಅಚ್ಚು ಹಾಕಿಸಬೇಕಿತ್ತು. ಅಚ್ಚಿಗೆ ಕಳಿಸುವ ಮುಂಚೆ ಅವನು ಪ್ರತಿ ಪದವನ್ನೂ ಅವರು ಬಾಯಲ್ಲಿ ಆಡಿದ್ದರ ಜೊತೆ ತಾಳೆ ನೋಡುತ್ತಿದ್ದ.

“ಅಕ್ಕಾರ, ಇಲ್ಲಿ ಬರ್ರಿ ಸ್ವಲ್ಪ. ಇದರಾಗ ನಮ್ಮ ಅತ್ತಿ ಹೊಕ್ಕು ಕುಂತಾಳ.”

“ಏನೋ ಹಂಗಂದ್ರ?”

ದುರಗಪ್ಪನ ಹೆಂಡತಿ ಕರ್ನೂಲಿನ ಕಡೆಯವಳು, ಮನೆಮಾತು ತೆಲುಗು. “ಮದಿವ್ಯಾದ ಹೊಸತರಾಗ ನಮ್ಮ ಅತ್ತಿ ‘ಮಾ ಇಲ್ಲು’ ಅಂತಿದ್ದಳ್ರಿ. ನಮ್ಮ ಮನಿ ಅಂತ. ಅಂದ್ರ ಅವರ ಮನಿ, ನನ್ನ ಬಿಟ್ಟು. ನನ್ನೂ ಕೂಡಿಸ್ಕೊಂಡು ‘ಮನ ಇಲ್ಲು’ ಅನ್ನಾಕ ಏಳು ವರ್ಷ ಹಿಡೀತು ಆಕಿಗೆ. ಎರಡಕ್ಕೂ ಕನ್ನಡದಾಗ ಏನಂತೀವಿ? ನಮ್ಮ ಮನಿ. ಒಂದ ಅಲ್ಲೇನು?”

“ಹೌದಪಾ, ಅದಕ್ಕೇನೀಗ?”

“ತೇಮಿಯಾಗೂ ಎರಡು ನಾವು ಅದಾವ್ರಿ. ‘ಲಾಂಬ’ ಅಂದ್ರ ನೀವೂ ಕೂಡಿ ನಾವು. ‘ಉಕೋ’ ಅಂದ್ರ ನಿಮ್ಮನ್ನ ಬಿಟ್ಟು ನಾವು. ದೊವಾನಿಯಾಗೂ ಹಂಗ. ನಮ್ಮ ಪೆಟ್ಟಿಗಿ ಎರಡನ್ನೂ ಒಂದ ಗೂಡಿನ್ಯಾಗ ತುರುಕೈತಿ. ಹೊರಗ ತಗೀವಾಗ ಯಾವುದು ಹೆಚ್ಚು ಬಳಕಿ ಐತೋ ಅದನ್ನ ತಗೀತೈತಿ. ಹೆಚ್ಚು ಬಳಕಿ ಇರೋದು ‘ಕೂಡಿ’ ಅನ್ನೋದು.”

ನೀಲಮ್ಮ ಕುರ್ಚಿ ಎಳೆದು ಕೂತಳು. ಬೆಳಗಿನ ಮಾತು ತೆಗೆದು ಮೂಲದಲ್ಲಿ ಕೇಳಿದಳು. ಇರುಮಾ ಹೇಳಿದ್ದು: ಬಿಳಿಗುಡ್ಡ ನಮ್ಮದು, ನಿಮ್ಮದಲ್ಲ. ಸಾವೆಲ್ ಹೇಳಿದ್ದೂ ಅದೇ. ಆದರೆ ಸಾವೆಲ್‌ಗೆ ಕೇಳಿಸಿದ್ದು, ‘ಬಿಳಿಗುಡ್ಡ ನಿಮ್ಮದೂ ನಮ್ಮದೂ’ ಎಂದು. ಇರುಮಾಳಿಗೂ ಅಷ್ಟೇ. ಎದುರಿನವರು ಸೇರಿಸಿಕೊಂಡರು ಅಂತ ಕರಗಿದರೂ ಇಬ್ಬರ ನಾಲಿಗೆಗೂ ಬರುತ್ತಿದ್ದದ್ದು ಹಳೆಯ ರೂಢಿಯ ಪದವೇ. ನೀಲಮ್ಮ ಹಿಂದೆ ಹಿಂದೆ ಹೋದಳು, ಹತ್ತು ತಿಂಗಳ ಹಿಂದಿನ ಮಾತುಕತೆಯ ಮೊದಲ ದಿನದವರೆಗೂ ಹೋದಳು. ಮೊದಲ ದಿನ ಇರುಮಾಳ ಮೊದಲ ಮಾತಿಗೇ ಸಾವೆಲ್ ಬೆಚ್ಚಿಬಿದ್ದದ್ದು ಏಕೆಂದು ಆಗ ಯಾರಿಗೂ ತಿಳಿದಿರಲಿಲ್ಲ. ಅರವತ್ತಮೂರು ವರ್ಷದಲ್ಲಿ ಮೊದಲ ಸಲ ಶತ್ರು ತನ್ನನ್ನು ‘ನಾವು’ ಒಳಗೆ ಸೇರಿಸಿಕೊಂಡಳು ಅಂತ ಅವನಿಗೆ ಅನಿಸಿತ್ತು. ಅವಳು ಸೇರಿಸಿಕೊಂಡೇ ಇರಲಿಲ್ಲ!

“ಥೂ!” ಅಂದಳು ನೀಲಮ್ಮ. “ಕನ್ನಡದಾಗ ಹುಟ್ಟಿದಾವ್ರು ಬಿಟ್ಟರ ನಮ್ಮ ಸುತ್ತಲಿನಾವ್ರು ಯಾರೂ ಈ ತಪ್ಪು ಮಾಡಂಗಿಲ್ಲ ನೋಡು. ತುಳುವ್ರು ಮಾಡಂಗಿಲ್ಲ, ತಮಿಳ್ರು ಮಾಡಂಗಿಲ್ಲ, ಮರಾಠೀವ್ರೂ ಮಾಡಂಗಿಲ್ಲ. ನಮಗ ಇದು ಕಣ್ಣಿಗೇ ಬೀಳಲಿಲ್ಲಲ್ಲೋ.”

ಇಬ್ಬರೂ ಕೂತು ಪೆಟ್ಟಿಗೆಯನ್ನು ತಿದ್ದಿದರು. ಒಂದು ಗೂಡಿದ್ದಲ್ಲಿ ಎರಡು ಮಾಡಿದರು. ಕನ್ನಡದವರು ಯಾರಾದರೂ ‘ನಾವು’ ಅಂದರೆ ಅದು ಯಾವುದೆಂದು ಯಂತ್ರಕ್ಕೆ ತಿಳಿಯುವುದು ಸಾಧ್ಯವಿರಲಿಲ್ಲ, ಹಾಗಾಗಿ ನಿಲ್ಲಿಸಿ ಕೇಳುವಂತೆ ಮಾಡಿ ಮೇಲೆ ಎರಡು ಗುಂಡಿ ಇಟ್ಟರು. ಒಂದರ ಮೇಲೆ ‘ಕೂಡಿ’, ಇನ್ನೊಂದರ ಮೇಲೆ ‘ಬಿಟ್ಟು’. ಎರಡು ಗಂಟೆಯಲ್ಲಿ ಮುಗಿಯಿತು. ಹತ್ತು ತಿಂಗಳು ಅಡಗಿದ್ದ ತಪ್ಪಿಗೆ ಎರಡೇ ಗಂಟೆಯ ಕೆಲಸ ಅನ್ನುವುದು ನೀಲಮ್ಮನ ಹೊಟ್ಟೆ ಇನ್ನಷ್ಟು ಉರಿಸಿತು.

ಶಾಂತಿ ಆಯೋಗದ ಕಾರ್ಯದರ್ಶಿ ರುದ್ರಗೌಡ ಇಟಗಿಗೆ ವಿಷಯ ಹೇಳಿದಾಗ ಅವನು ಎದ್ದು ಬಾಗಿಲು ಹಾಕಿಕೊಂಡು ಬಂದ.

“ಯಾರಿಗೆ ಹೇಳೀರಿ?”

“ನಿಮಗ ಮೊದಲು.”

“ನನಗ ಕಡೀಗೂ ಅಂತ ತಿಳ್ಕೋರಿ. ನೀಲಮ್ಮನವ್ರ, ಅಲ್ಲಿ ಹನ್ನೊಂದು ದಿನದಿಂದ ಒಂದ ಹೆಣಾ ಬಿದ್ದಿಲ್ಲ. ಶಾಂತಿ ಆಗಾಕತ್ತೈತಿ. ನಿಮ್ಮ ವ್ಯಾಕರಣ ಮಡಚಿ ಒಳಗಿಡ್ರಿ.”

“ನಾಳಿ ಅಚ್ಚಾದ ಪ್ರತಿ ಓದತಾರ್ರಿ ಅವರು. ನಾ ‘ಬಿಟ್ಟು’ ಅಂದಿದ್ದೆ, ಹಾಳ್ಯಾಗ ‘ಕೂಡಿ’ ಅಂತ ಐತಿ ಅಂತ ಇಬ್ರಿಗೂ ಗೊತ್ತಾಗತೈತಿ. ಆ ಕಡೇವ್ರು ಕಳ್ಳತನದಾಗ ತಿದ್ದ್ಯಾರ ಅಂತ ಇಬ್ರೂ ತಿಳೀತಾರ. ಆಗ ಬೀಳೂ ಹೆಣಕ್ಕ ಯಾರು ಹೊಣಿ? ನಾ ಹೇಳಿದ್ರ ಬೈಗಳಾ ನನಗ ಬರ್ತಾವ. ಬರಲಿ.”

ಇಟಗಿ ಹಣೆ ಒತ್ತಿಕೊಂಡ. “ಹಾಳ್ಯಾಗೂ ಅವರು ಅಂದಂಗ ಹಾಕಿಬಿಟ್ಟರ?”

“ಹಂಗ ಹಾಕಿದ್ರ ಗುಡ್ಡ ನಂದಷ್ಟ ಅಂತ ಇಬ್ರೂ ಸಹಿ ಮಾಡ್ತಾರ. ಸೋಮವಾರ ಇಬ್ರೂ ಹತ್ತತಾರ. ಮ್ಯಾಲ ಭೆಟ್ಟಿ ಆದಾಗ ಏನಾಗತೈತಿ ಅಂತ ನಾ ಹೇಳಬೇಕೇನು?”

ಇಟಗಿ ಎದ್ದು, ಹಾಕಿದ್ದ ಬಾಗಿಲು ತೆಗೆದ. ಸಾವೆಲ್ ಆ ಸೀರೆಯ ಗಂಟನ್ನು ದಿನಾ ಸಭೆಗೆ ತಂದು ಪಕ್ಕದಲ್ಲಿಟ್ಟುಕೊಳ್ಳುತ್ತಿದ್ದದ್ದು ನೀಲಮ್ಮನಿಗೆ ನೆನಪಾಯಿತು. ಹೇಳಿದರೆ ಅವನು ಗುಡ್ಡ ಹತ್ತುವುದಿಲ್ಲ. ಹೇಳದಿದ್ದರೆ ಹತ್ತಿದವನು ಇಳಿಯುವುದಿಲ್ಲ. ಇಂಥ ಕೆಲಸಕ್ಕೆ ತನ್ನನ್ನು ಯಾಕಾದರೂ ಕರೆದರೋ ಅಂತ ಅವಳಿಗೆ ರೋಸಿಹೋಯಿತು.

ನಾಲ್ಕು ಗಂಟೆಗೆ ಎಲ್ಲರನ್ನೂ ಕೂಡಿಸಿ ಅವಳೇ ಹೇಳಿದಳು. ತಿದ್ದಿದ ಪೆಟ್ಟಿಗೆ ಅದನ್ನು ಎರಡೂ ಭಾಷೆಗೆ ಹಾಕಿತು. ಸಾವೆಲ್ ಬೆಳಗಿನ ಮಾತನ್ನು ಮತ್ತೆ ಕೇಳಿಸಿ ಅಂದ. ಪೆಟ್ಟಿಗೆ ಕೇಳಿಸಿತು: “ಬಿಳಿಗುಡ್ಡ ನಮ್ಮದು, ನಿಮ್ಮನ್ನ ಬಿಟ್ಟು.” ಇರುಮಾಳೂ ಅವನ ಮಾತನ್ನು ಕೇಳಿಸಿಕೊಂಡಳು. ಹಿಂದೆ ದ್ವೀಪದ ಶಾಲೆಯೊಂದರಲ್ಲಿ ಪಾಠ ಹೇಳಿದವಳು ಅವಳು. ಒಂದೊಂದು ಪದವನ್ನೂ ಬೆರಳು ಮಡಚಿ ಎಣಿಸುತ್ತಾ ಕೇಳಿದಳು. ಸಾವೆಲ್ ಟೊಪ್ಪಿಗೆಯನ್ನು ಎತ್ತಿ ತಲೆಗೆ ಹಾಕಿಕೊಂಡ.

ಇಟಗಿ ಎದ್ದು ಕೈಮುಗಿದ. “ನೋಡ್ರಿ, ಯಂತ್ರದ್ದೊಂದು ಸಣ್ಣ ದೋಷ. ನಾವೆಲ್ಲಾ ಶಾಂತಿ ಬಯಸೂ ಮಂದಿ...”

“ಯಾವ ನಾವ್ರಿ? ಎದುರಿಗಿದ್ದಾವ್ರನ್ನ ಕೂಡಿಯೋ, ಬಿಟ್ಟೋ?” ಅಂತ ಇಳಕಲ್ಲಿನ ಅಕ್ಕೋರ ದನಿಯಲ್ಲಿ ಪೆಟ್ಟಿಗೆ ಕೇಳಿತು.

“ಅಯ್ಯ, ಕೂಡಿ ಅಂತ ಹಾಕ್ರಿ ಅದಕ್ಕ, ಅದೂ ಕೇಳೂ ಮಾತೇನು!” ಅಂತ ಇಟಗಿ ರೇಗಿದ. ದುರಗಪ್ಪ ಗುಂಡಿ ಒತ್ತಿದ. ಆ ಹೊತ್ತಿಗೆ ಅವನ ಮಾತನ್ನು ಯಾರೂ ಕೇಳುತ್ತಿರಲಿಲ್ಲ.

ನೀಲಮ್ಮನಿಗೆ ಇನ್ನೂ ಒಂದು ಆಸೆ ಇತ್ತು. ಅವಳು ಮೇಜಿನ ಮೇಲೆ ಎರಡೂ ಕೈ ಊರಿ ನಿಂತಳು. “ಹತ್ತು ತಿಂಗಳು ನೀವಿಬ್ರೂ ಎದುರಿನಾವ್ರು ನಿಮ್ಮನ್ನ ಕೂಡಿಸ್ಕೊಂಡಾರ ಅಂತ ನಂಬಿದ್ರಿ. ನಂಬಿ ಬಂದೂಕ ಇಳಿಸಿದ್ರಿ. ಹಿಂಡು ಹಿಂಡು ಕೈದಿಗಳನ್ನ ಬಿಟ್ಟು ಕಳಿಸಿದ್ರಿ. ಇದೇನು ಸುಳ್ಳೇನು? ಪದಾ ಸುಳ್ಳಾತು, ಆದರ ನೀವು ಮಾಡಿದ್ದು ಖರೇ ಐತಲ್ಲ. ಈಗ ಖರೇ ಖರೇ ಒಂದ್ಸಲ ಬಾಯಿ ಬಿಟ್ಟು ಅಂದುಬಿಡ್ರಿ. ಲಾಂಬ. ಇರುಮಾ, ನಿಮ್ಮ ನುಡಿಯಾಗ ಅದಕ್ಕ ಏನಂತೀರೋ ಅದು. ಒಂದ ಪದಾ.”

ಸಾವೆಲ್ ಇರುಮಾಳ ಕಡೆ ಬೆರಳು ತೋರಿದ. “ಅಕಿ ಮೊದಲು ಅನ್ಲಿ,” ಅಂದ.

“ಅವ ಮೊದಲು ಅನ್ಲಿ,” ಅಂದಳು ಇರುಮಾ.

“ಅಕಿ ಖರೇನ ಅಂದಿದ್ರ ಇವತ್ತ ನಾನೂ ಅಂತಿದ್ದೆ. ಅಕಿ ಕೊಡಲಿಲ್ಲ, ನಿಮ್ಮ ಪೆಟ್ಟಿಗಿ ಕೊಟ್ಟಿತು. ಪೆಟ್ಟಿಗಿ ಕೊಟ್ಟಿದ್ದು ತಗೊಂಡು ನಾ ಊರಿಗೆ ಹೋಗಿ ಏನಂತ ಮುಖಾ ತೋರಿಸ್ಲಿ?”

“ನಾನೂ ಅದನ್ನ ಕೇಳ್ತೀನಿ. ನಮ್ಮಾವ್ರು ನನ್ನ ನಂಬಿ ಕಳಿಸ್ಯಾರ. ನಾ ಮೊದಲು ಬಾಗಿದೆ ಅಂತ ಹೆಂಗ ಹೇಳ್ಲಿ?”

“ಒಂದ ಉಸುರಿಗೆ ಇಬ್ರೂ ಕೂಡಿ ಅನ್ರಿ ಹಂಗಾರ!” ನೀಲಮ್ಮನ ದನಿ ಏರಿತು. “ಏನ್ ಧಾಡಿ ನಿಮಗ? ಹೆಂಡ್ತಿ ಗೋರಿ ನೋಡಬೇಕೋ ಬ್ಯಾಡೋ ನಿಮಗ? ಮತ್ತ ನಿಮಗ, ಇರುಮಾ, ನಿಮ್ಮ ತಾಯಿ ಅಲ್ಲೇ ಇಲ್ಲೇನು? ಒಂದ ಪದಾ ಆಡಾಕ ಆಗವಲ್ದು, ಅದಕ್ಕ ಅರವತ್ತು ವರ್ಷ ಮಂದೀನ ಕೊಲ್ಲಾಕ ಆಗತೈತಿ!”

ವಿಜ್ಞಾನಿ ಹೀಗೆ ಕೂಗಾಡುವುದು ಯಾವ ಸಭೆಯ ನಿಯಮದಲ್ಲೂ ಇರಲಿಲ್ಲ. ಪೆಟ್ಟಿಗೆ ಒಂದು ಪದವನ್ನೂ ಬಿಡದೆ ಎರಡೂ ಭಾಷೆಗೆ ಹಾಕಿತು. ಇರುಮಾ ಕಾಗದಗಳನ್ನು ಜೋಡಿಸಿ ಎದ್ದಳು. ಸಾವೆಲ್ ಕೂಡ ಎದ್ದ. ಇಬ್ಬರೂ ಬೇರೆ ಬೇರೆ ಬಾಗಿಲಿನಿಂದ ಹೊರಗೆ ಹೋದರು. ಬರುವಾಗಲೂ ಹಾಗೇ ಬರುತ್ತಿದ್ದರಂತೆ. ಹತ್ತು ತಿಂಗಳಲ್ಲಿ ನೀಲಮ್ಮ ಅದನ್ನು ಗಮನಿಸಿರಲಿಲ್ಲ.

ಮರುದಿನ ಬೆಳಿಗ್ಗೆ ದ್ವೀಪದಲ್ಲಿ ಮತ್ತೆ ಗುಂಡು ಹಾರಿದ ಸುದ್ದಿ ಬಂತು. ಸತ್ತವರು ನಾಲ್ವರು. ಇಟಗಿ ಪತ್ರಿಕೆಯವರಿಗೆ “ತಾಂತ್ರಿಕ ಕಾರಣ” ಅಂತ ಹೇಳಿ ಕೈತೊಳೆದುಕೊಂಡ. ನೀಲಮ್ಮನಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಸಿಟ್ಟೆಲ್ಲ ಆ ಇಬ್ಬರ ಮೇಲಿತ್ತು. ಎಂಥ ಜನ ಇವರು! ಪಕ್ಕಪಕ್ಕದಲ್ಲೇ ಹೆಣ ಹೂಳಿದವರು, ಒಂದೇ ಬಾವಿಯ ನೀರು ಕುಡಿದವರು. ಭಾಷೆಯಲ್ಲೇ ಒಂದು ಗೋಡೆ ಕಟ್ಟಿಕೊಂಡು ದಿನಕ್ಕೆ ನೂರು ಸಲ ಅದನ್ನು ಬಾಯಲ್ಲಿ ಆಡುತ್ತಿದ್ದರೆ ಇನ್ನೇನಾಗುತ್ತದೆ? ಕನ್ನಡದಲ್ಲಿ ಆ ಗೋಡೆ ಇಲ್ಲ, ನಾವು ಅಂದರೆ ಎಲ್ಲರೂ ನಾವೇ, ಅಂತ ಅವಳು ದುರಗಪ್ಪನ ಎದುರು ಬೆಳಗಿನಿಂದ ಎರಡು ಸಲ ಅಂದಿದ್ದಳು. ದುರಗಪ್ಪ ಎರಡು ಸಲವೂ ಪೆಟ್ಟಿಗೆಯ ತಂತಿ ಸುತ್ತುತ್ತಾ ಹೂಂಗುಟ್ಟಿದ್ದ.

ಹತ್ತು ಗಂಟೆಗೆ ಸಾವೆಲ್‌ನನ್ನು ವಿಮಾನ ನಿಲ್ದಾಣಕ್ಕೆ ಒಯ್ಯುವ ಕಾರು ಬಂತು. ಬೀಳ್ಕೊಡಲು ಹೊರಗೆ ನಿಂತವರು ನೀಲಮ್ಮ, ದುರಗಪ್ಪ ಇಬ್ಬರೇ. ಪೆಟ್ಟಿಗೆ ದುರಗಪ್ಪನ ಕೈಯಲ್ಲಿತ್ತು. ಸಾವೆಲ್ ಸೀರೆಯ ಗಂಟನ್ನು ನೀಲಮ್ಮನ ಕೈಗಿಡಲು ಬಂದ, ಅವಳು ತೆಗೆದುಕೊಳ್ಳಲಿಲ್ಲ. ಅವನು ಅದನ್ನು ಮತ್ತೆ ಕಂಕುಳಿಗೆ ಸಿಕ್ಕಿಸಿಕೊಂಡು ಏನೋ ಕೇಳಿದ.

“ನಿಮ್ಮ ಮ್ಯಾಲ ನನಗ ಸಿಟ್ಟಿಲ್ಲ,” ಅಂದಿತು ಪೆಟ್ಟಿಗೆ. “ಒಂದ ಮಾತು ಕೇಳಬೇಕಾಗೇತಿ. ನೀವಿಬ್ರೂ ಒಂದ ಊರಾವ್ರಂತ. ನಿಮ್ಮ ನುಡಿಯಾಗ ನಾವು ಅನ್ನೂದೂ ಒಂದ ಅಂತ. ಅಂಥಾ ಊರಾಗ ಸತ್ತಾವ್ರನ್ನ ಎಲ್ಲೆ ಹೂಳ್ತಾರ?”

ನೀಲಮ್ಮ ಯೋಚನೆ ಮಾಡಲಿಲ್ಲ. ಯೋಚಿಸುವಂಥ ಪ್ರಶ್ನೆಯೇ ಅಲ್ಲ ಅದು. “ಹೊಳಿ ದಂಡಿ ಮ್ಯಾಲ ರುದ್ರಭೂಮಿ ಐತ್ರಿ. ನಾವು ಅಲ್ಲೇ ಹೂಳ್ತೀವಿ.”

ಪೆಟ್ಟಿಗೆ ಅದನ್ನು ತೇಮಿಗೆ ಹಾಕಲಿಲ್ಲ. “ಯಾವ ನಾವ್ರಿ? ಎದುರಿಗಿದ್ದಾವ್ರನ್ನ ಕೂಡಿಯೋ, ಬಿಟ್ಟೋ?”

ಎದುರಿಗೆ ಇದ್ದವರು ಇಬ್ಬರು. ಸಾವೆಲ್ ಪರದೇಶದವನು, ಅವನು ಆ ಲೆಕ್ಕಕ್ಕೆ ಬರುವುದಿಲ್ಲ. ಇನ್ನೊಬ್ಬ ದುರಗಪ್ಪ. ಆರು ವರ್ಷದ ಹಿಂದೆ ದುರಗಪ್ಪನ ಅಪ್ಪ ಸತ್ತಾಗ ನೀಲಮ್ಮ ಮಣ್ಣಿಗೆ ಹೋಗಿದ್ದಳು. ಹೊಳೆಯ ದಂಡೆಯಲ್ಲ ಅದು. ಊರು ದಾಟಿ, ಹಳ್ಳ ದಾಟಿ, ಕಲ್ಲು ನೆಲದಲ್ಲಿ ಗುದ್ದಲಿ ಇಳಿಯದೆ ನಾಲ್ಕು ಮಂದಿ ಒಂದು ಗಂಟೆ ಅಗೆದಿದ್ದರು. ಅವಳು ನೆರಳಲ್ಲಿ ನಿಂತು ನೋಡಿದ್ದಳು. ಇದು ಈ ಕೇರಿಯವರ ಜಾಗ ಅಂತ ಅಂದುಕೊಂಡಿದ್ದಳೇ ಹೊರತು, ಇಷ್ಟು ದೂರ, ಈ ಕಲ್ಲಿನಲ್ಲಿ ಯಾಕೆ ಅಂತ ಅವತ್ತು ಅವಳ ಬಾಯಿಗೆ ಬರಲಿಲ್ಲ. ಮೂವತ್ತು ವರ್ಷದಲ್ಲೂ ಬಂದಿರಲಿಲ್ಲ.

ಅವಳು ಬೆರಳನ್ನು ‘ಕೂಡಿ’ಯ ಕಡೆ ಒಯ್ದಳು. ಒತ್ತಿದರೆ ಸುಳ್ಳಾಗುತ್ತದೆ. ಸುಳ್ಳು ನಡೆಯಬಾರದು ಅಂತ ನಿನ್ನೆ ಇಡೀ ಒಂದು ದ್ವೀಪದ ಶಾಂತಿಯನ್ನು ಮುರಿದವಳು ಅವಳೇ. ಬೆರಳು ಅಲ್ಲೇ ನಿಂತಿತು.  “ಯಾವ ನಾವ್ರಿ?” ಅಂತ ಪೆಟ್ಟಿಗೆ ಇನ್ನೊಮ್ಮೆ ಕೇಳಿತು.

ದುರಗಪ್ಪ ಪೆಟ್ಟಿಗೆಯನ್ನು ಅವಳ ಕಡೆಗೆ ಸ್ವಲ್ಪ ಎತ್ತಿ ಹಿಡಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಗಂಟೆ ಎಷ್ಟೆಂದು ಹೇಳುವವನ ಹಾಗೆ ಹೇಳಿದ. “‘ಬಿಟ್ಟು’ ಒತ್ತರಿ ಅಕ್ಕಾರ. ಅವರಿಗೆ ವಿಮಾನ ತಪ್ಪತೈತಿ.”

ನೀಲಮ್ಮ ಒತ್ತಿದಳು. ಪೆಟ್ಟಿಗೆ ಅವಳ ಮಾತನ್ನು ತೇಮಿಯಲ್ಲಿ ಹೇಳಿತು; ಅದರಲ್ಲಿ ‘ಉಕೋ’ ಅನ್ನುವ ಪದ ಅವಳಿಗೂ ಕೇಳಿಸಿತು. ಸಾವೆಲ್ ಅವಳನ್ನು ನೋಡಿದ, ದುರಗಪ್ಪನನ್ನು ನೋಡಿದ. ತನ್ನ ದ್ವೀಪದವರನ್ನೇ ಕಂಡವನಂತೆ ಇಬ್ಬರಿಗೂ ತಲೆಯಾಡಿಸಿ ಕಾರು ಹತ್ತಿದ.